ತಂಗಡಗ್ಯಾಗ ಗುಡ್ಡ ಇಲ್ಲ

ಆಕ್ಸಿಜನ್ ಸಿಲಿಂಡರಿಗೆ ಪೂಜಿ ಮಾಡಿದ್ದನ್ನ ನಾ ಮೊದಲನೇ ಸಲ ನೋಡಿದ್ದು ಇಂಡಿ ಊರಾಗ, ಬನ್ನಿ ಹಬ್ಬದ ಮುಂಜಾನೆ. ಟ್ರ್ಯಾಕ್ಸ್ ಗಾಡಿ ಹಿಂದಿನ ಭಾಗದಾಗ ಎರಡು ಸಿಲಿಂಡರ್ ಮಲಗಿಸಿದ್ರು. ಎರಡಕ್ಕೂ ವಿಭೂತಿ ಪಟ್ಟಿ, ನಡುವ ಕುಂಕುಮ, ಕೊರಳಿಗೆ ಚೆಂಡು ಹೂವಿನ ದಪ್ಪ ಹಾರ. ಗಾಲಿ ತೆಳಗ ಲಿಂಬಿಹಣ್ಣು. ಆ ಮನಿ ಹಿರಿಯಾಕಿ ಆಯಿ ಕರ್ಪೂರದ ತಟ್ಟಿ ಹಿಡಕೊಂಡು ಸಿಲಿಂಡರಿಗೆ ಬೆಳಗಾಕ ಹೊಂಟಿದ್ದಳು. ನಾ ರಿಕ್ಷಾದಿಂದ ಒಂದು ಕಾಲು ಇಳಿಸಿದಾಕಿ ಅಲ್ಲಿಂದನ ಒದರಿದ್ನಿ:

"ಆಯಿ! ಬೆಂಕಿ ಸನೇಕ ತರಬ್ಯಾಡ್ರಿ, ಎಲ್ಲಾರೂ ಹಾರಿ ಹೋಗ್ತೀವಿ!"

"ಹಬ್ಬದ ದಿನ ಹಂಗ ಅನಬಾರದವ್ವ," ಅಂದಳು ಆಯಿ. ಆದ್ರೂ ತಟ್ಟಿ ಹಿಂದಕ್ಕ ತಗೊಂಡಳು.

ನಾ ಆಗ ಇಂಡಿಯ ಒಂದು ಖಾಸಗಿ ದವಾಖಾನ್ಯಾಗ ನರ್ಸ್ ಇದ್ನಿ. ಇಕಿಗೆ ಸಿಟ್ಟು ಮೂಗಿನ ತುದಿಗೇ ಐತಿ ಅಂತ ದವಾಖಾನಿ ಮಂದಿ ಆಡಿಕೊಳ್ತಿದ್ರು. ಆಡಿಕೊಳ್ಳಲಿ, ನನ್ನ ಕೈಯಾಗ ಸೂಜಿ ಒಂದು ದಿನಾ ತಪ್ಪಿದ್ದಿಲ್ಲ. ಒಬ್ಬ ಪೇಶಂಟ್ ಜೋಡಿ ಎರಡು ದಿನ ಗಾಡ್ಯಾಗ ತಿರುಗಿ ಬರಬೇಕು ಅಂತ ಡಾಕ್ಟ್ರು ನನ್ನ ಕಳಿಸಿದ್ರು. ಪೇಶಂಟ್ ಅಂದ್ರ ಕನ್ನಡ ಸಾಲಿ ಅಕ್ಕೋರು. ವಯಸ್ಸು ನಲವತ್ತರ ಮ್ಯಾಲ ಸ್ವಲ್ಪ. ಸಣ್ಣಾಕಿದ್ದಾಗ ಬಂದ ಕೀಲು ಜ್ವರ ಎದಿಗೆ ಇಳಿದು ಕವಾಟ ಕೆಟ್ಟಿತ್ತು. ಆಪರೇಶನ್ ಮಾಡೋ ಕಾಲ ಎಂದೋ ದಾಟಿ ಹೋಗಿತ್ತು. ಮಲಗಿದ್ರ ಪುಪ್ಪುಸದಾಗ ನೀರು ತುಂಬಿ ಉಸಿರು ಕಟ್ಟತಿತ್ತು. ಹಂಗಾಗಿ ಎಷ್ಟೋ ತಿಂಗಳಿಂದ ಕೂತ ಊಟ, ಕೂತ ನಿದ್ದಿ.

ಇನ್ನ ಬಾಳ ದಿನ ಇಲ್ಲ ಅಂತ ಡಾಕ್ಟ್ರು ಅಕ್ಕೋರ ಗಂಡಗ ಒಬ್ಬಂವಗ ಹೇಳಿದ್ರು. ಅಂವ ಲಿಂಬಿಹಣ್ಣಿನ ವ್ಯಾಪಾರದ ಸಾಹುಕಾರ. ಅಂವ ತನ್ನ ಅವ್ವಗ, ಅಂದ್ರ ಈ ಆಯಿಗೆ, ಹೇಳಿದ್ದ. ಅಕ್ಕೋರಿಗೆ ಹೇಳಿದ್ದಿಲ್ಲ. ಕಾಲೇಜಿಗೆ ಹೋಗೋ ಮಗಳಿಗೂ ಹೇಳಿದ್ದಿಲ್ಲ. "ಗುಳಗಿ ಹತ್ತಾಕತ್ಯಾವ, ದೀಪಾವಳಿ ಅನ್ನೂದ್ರಾಗ ಆರಾಮ ಆಗತೈತಿ," ಅಂತ ಮನ್ಯಾಗ ಎಲ್ಲಾರದೂ ಒಂದ ಮಾತು. ನನಗೂ ಹಂಗ ಹೇಳಬೇಕು ಅಂತ ತಾಕೀತು ಮಾಡಿದ್ರು. ನಮ್ಮ ಕಡೆ ಇದು ರಿವಾಜು. ಸಾಯೋರಿಗೆ ಸಾಯ್ತೀರಿ ಅಂತ ಹೇಳೂದಿಲ್ಲ.

ಅಕ್ಕೋರಿಗೆ ಒಂದ ಆಸೆ ಇತ್ತು. ಇಪ್ಪತ್ತು ವರ್ಷ ನಾಕನೇ ಇಯತ್ತೆ ಹುಡುಗೂರಿಗೆ ನಮ್ಮ ಜಿಲ್ಲೆ ಪಾಠ ಹೇಳಿದಾಕಿ. ಸಾಲೋಟಗಿ ಕಲ್ಲಿನ ಶಾಸನ, ಬಾಗೇವಾಡಿ ಗುಡಿ, ರಕ್ಕಸಗಿ-ತಂಗಡಗಿ ಯುದ್ಧ, ಎಲ್ಲಾ ಬಾಯಿಪಾಠ. ಆದ್ರ ಒಂದನ್ನೂ ಕಣ್ಣಿಲೆ ನೋಡಿದ್ದಿಲ್ಲ. ಸಾಲಿ, ಮನಿ, ಲಿಂಬಿಹಣ್ಣು ಆರಿಸೋ ಆಳುಗಳಿಗೆ ಚಾ, ಇದರಾಗ ದಿನ ಹೋಗಿದ್ದವು. ತಂಗಡಗಿ ಯುದ್ಧದ ಚಿತ್ರಾನ ಆಕಿನ ತನ್ನ ಕೈಲೆ ಸಾಲಿ ಗ್ವಾಡಿ ಮ್ಯಾಲ ಎಣ್ಣಿ ಬಣ್ಣದಾಗ ಬರೆದಿದ್ಳು. ಇತ್ತ ಹೊಳಿ, ಹೊಳಿ ದಂಡಿಗೆ ಒಂದು ದೊಡ್ಡ ಕೆಂಪು ಗುಡ್ಡ, ಗುಡ್ಡದ ಬುಡಕ್ಕ ಆನಿ, ಕುದುರಿ, ದಂಡು. ಆ ಚಿತ್ರಾನ ನಾನೂ ನೋಡಿದ್ನಿ, ನನ್ನ ತಮ್ಮನ ಮಗ ಅದ ಸಾಲ್ಯಾಗ ಓದತಿದ್ದ.

"ಸಿಸ್ಟರ್, ಹೊಳಿ ನೋಡಬೇಕ್ರಿ. ತಂಗಡಗ್ಯಾಗ ಹೊಳಿ ದಂಡಿಗೆ ನಿಂತು ಆ ಗುಡ್ಡ ನೋಡಬೇಕು. ಉಳಿದದ್ದು ಆದ್ರ ಆತು, ಬಿಟ್ರ ಬಿಟ್ಟಿತು," ಅಂತ ಗಾಡಿ ಏರೋಮುಂದ ನನಗ ಹೇಳಿದ್ರು.

ಬನ್ನಿ ಹಬ್ಬದ ದಿನ ಸೀಮಿ ದಾಟಿದ್ರ ಕೆಲಸ ಕೈಗೂಡತೈತಿ ಅಂತ ಅವತ್ತಿಗೇ ಪ್ರಯಾಣ ಇಟ್ಟಿದ್ರು. ಇಂಡಿಯಿಂದ ಸಾಲೋಟಗಿ, ಸಿಂದಗಿ, ಡೋಣಿ ನದಿ ದಾಟಿ ತಾಳಿಕೋಟಿ, ಮುದ್ದೇಬಿಹಾಳ, ತಂಗಡಗಿ. ರಾತ್ರಿಗೆ ಬಸವನ ಬಾಗೇವಾಡ್ಯಾಗ ಬೀಗರ ಮನಿ. ಮರುದಿನ ಮನಿ. ಡ್ರೈವರ್ ಬಾಜು ಸಾಹುಕಾರ್ರು. ನಡುವಿನ ಸೀಟಿನ್ಯಾಗ ಅಕ್ಕೋರು, ಒಂದು ಮಗ್ಗಲ ನಾ, ಇನ್ನೊಂದು ಮಗ್ಗಲ ಮಗಳು. ಮುಂದ ಬಾಗಿ ಆನಿಸಿಕೊಳ್ಳಾಕ ಲಿಂಬಿಹಣ್ಣು ತುಂಬೋ ಕಟ್ಟಿಗಿ ಡಬ್ಬಿ ಇಟ್ಟು ಮ್ಯಾಲ ತಲಿದಿಂಬು ಹಾಕಿದ್ನಿ. ಹಿಂದ ಆಯಿ, ಸಿಲಿಂಡರು, ಬುತ್ತಿ ಗಂಟು. ನಳಿ ಸೀಟಿನ ಸಂದಿಲೆ ಮುಂದ ತಂದು ಮೂಗಿಗೆ ಹಾಕಿದ್ನಿ. ಮೊದಲನೇ ಸಿಲಿಂಡರ್ ಮನ್ಯಾಗ ಬಳಸಾಕತ್ತಿದ್ದದ್ದು, ಅರ್ಧ ಉಳಿದಿತ್ತು. ಎರಡನೇದು ತುಂಬಿದ್ದು.

ಸಾಲೋಟಗ್ಯಾಗ ಡ್ರೈವರ್ ಮತ್ತ ಸಾಹುಕಾರ್ರು ಕುರ್ಚಿ ಸಮೇತ ಅಕ್ಕೋರನ್ನ ಹೊತ್ತು ಕಲ್ಲಿನ ತನಕ ಒಯ್ದ್ರು. ಅಕ್ಕೋರು ಅಕ್ಷರದ ಮ್ಯಾಲ ಬೆರಳು ಆಡಿಸಿದ್ರು. ಸಾವಿರ ವರ್ಷದ ಹಿಂದ ಇಲ್ಲೊಂದು ದೊಡ್ಡ ಸಾಲಿ ಇತ್ತು, ಓದೋ ಹುಡುಗೂರ ದೀಪದ ಎಣ್ಣಿಗೆ ಅಂತನ ಹೊಲ ಬಿಟ್ಟಿದ್ರು ಅಂತ ಮಗಳಿಗೆ ಹೇಳಿದ್ರು. ನಾಕು ಮಾತಿಗೊಮ್ಮೆ ನಿಂತು ಉಸಿರು ತಗೊಂಡ್ರು. "ನಮ್ಮ ಸಾಲ್ಯಾಗ ಸೀಮಿಸುಣ್ಣಕ್ಕೂ ಕೈ ಚಾಚಬೇಕು ನೋಡು," ಅಂದು ನಕ್ಕರು. ಮಗಳು ಫೋಟೋ ತಗದಳು. ಆ ಹೊತ್ತಿಗೆ ನನಗೂ ಅನಸ್ತು, ಈ ಪ್ರಯಾಣ ಪಾರಾದೀತು ಅಂತ.

ಸಿಂದಗಿ ದಾಟಿದ ಮ್ಯಾಲ ಎರಡೂ ಕಡೆ ಸೂರ್ಯಪಾನ ಹೂವಿನ ಹೊಲ. ಕಣ್ಣು ಹೋಗೋ ತನಕ ಹಳದಿ. ಅಕ್ಕೋರು ಕಿಟಕಿಗೆ ಮಾರಿ ಹಚ್ಚಿ ಸುಮ್ಮ ನೋಡಾಕತ್ತಿದ್ರು. ಹಿಂದಿನ ರಾತ್ರಿ ಮ್ಯಾಲಿನ ಊರಾಗ ಮಳಿ ಹೊಡೆದದ್ದು ನಮಗ ಯಾರಿಗೂ ಗೊತ್ತಿದ್ದಿಲ್ಲ.

ಡೋಣಿ ಉಕ್ಕಿತ್ತು. ಡೋಣಿ ಅಂದ್ರ ಬ್ಯಾಸಗ್ಯಾಗ ಪಾದ ತೋಯದಷ್ಟು ನೀರು, ಮ್ಯಾಲ ಮಳಿ ಆತು ಅಂದ್ರ ಎರಿ ಹೊಲ ನುಂಗಿಕೋತ ಬರೋದು. ತಾಳಿಕೋಟಿ ಈ ಕಡೆ ಇದ್ದ ತಗ್ಗಿನ ಸೇತುವಿ ಮ್ಯಾಲ ಕರಿ ನೀರು ತೊಡಿ ಮಟ್ಟ ಹರಿಯಾಕತ್ತಿತ್ತು. ಬಸ್ಸು, ಲಾರಿ, ಚಕ್ಕಡಿ, ಎಲ್ಲಾ ಸಾಲಾಗಿ ನಿಂತಿದ್ದವು. ಆಚೆ ದಂಡಿಗೂ ಹಂಗ ಒಂದು ಸಾಲು.

"ಮಧ್ಯಾಹ್ನದ ಹೊತ್ತಿಗೆ ಇಳೀತದ್ರಿ," ಅಂದ ಡ್ರೈವರ್.

ಕಾಯಾಕ ಕೂತ್ವಿ. ಮಳಿ ಕಳೆದ ಮ್ಯಾಲಿನ ಬಿಸಲು, ನೆತ್ತಿ ಸುಡಾಕತ್ತಿತ್ತು. ಸೆಕಿಗೆ ಅಕ್ಕೋರ ದಮ್ಮು ಏರಿತು. ಮೀಟರಿನ ಗುಂಡಿ ತಿರುವಿ ಗಾಳಿ ಹೆಚ್ಚು ಮಾಡಿದ್ನಿ. ಸ್ವಲ್ಪ ಹೊತ್ತಿಗೆ ಮತ್ತ ಏರಿತು, ಮತ್ತ ಹೆಚ್ಚು ಮಾಡಿದ್ನಿ. ಸಿಲಿಂಡರಿನ ಮುಳ್ಳು ಕೆಂಪು ಗೀಟಿಗೆ ಬಂತು. ಚಿಂತಿ ಆಗಲಿಲ್ಲ, ಇನ್ನೊಂದು ತುಂಬಿದ್ದು ಐತೆಲ್ಲಾ. ಬದಲಿ ಮಾಡಬೇಕು ಅಂತ ಹಿಂದಿನ ಬಾಗಲಾ ತಗದು, ಎರಡನೇ ಸಿಲಿಂಡರಿನ ಹೂವಿನ ಹಾರ ಸರಿಸಿದ್ನಿ.

ಚಾವಿ ಇಲ್ಲ!

ಸಿಲಿಂಡರಿನ ಬಾಯಿ ಬಿಡಸಾಕ ಒಂದು ಚಾವಿ ಬೇಕು. ಗೇಣುದ್ದ ಕಬ್ಬಿಣ, ತುದ್ಯಾಗ ಚೌಕಾನ ತೂತು. ಸಿಲಿಂಡರಿನ ತಲಿಯೊಳಗ ಹುದುಗಿದ ಚೌಕಾನ ಮೂತಿಗೆ ಅದನ್ನ ಕೂಡಿಸಿ ತಿರುವಿದ್ರನ ಗಾಳಿ ಹೊರಗ ಬರತೈತಿ. ಒಮ್ಮೆ ತಗದ ಮ್ಯಾಲ ಚಾವಿ ಕೆಲಸ ಇರೂದಿಲ್ಲ, ಗುಂಡಿ ಸಾಕು. ಹಿಂದಿನ ದಿನ ನಾನ ಆ ಚಾವಿಗೆ ದಾರ ಹಾಕಿ ಈ ಸಿಲಿಂಡರಿನ ಕೊರಳಿಗೆ ಕಟ್ಟಿ ಮನಿಗೆ ಹೋಗಿದ್ನಿ. ಈಗ ಹಾರದ ತೆಳಗ ಬರೇ ದಾರ ಇತ್ತು.

"ಚಾವಿ ಎಲ್ಲಿ? ಇದಕ್ಕ ಕಟ್ಟಿದ್ದ ಚಾವಿ ಯಾರು ಬಿಚ್ಚಿದ್ರಿ?" ಅಂತ ಒದರಿದ್ನಿ.

ಆಯಿ ಮೆಲ್ಲಕ ಅಂದಳು, "ಅದು ಪೂಜಿಗೆ ಇಟ್ಟೇನವ್ವ."

ಹಿಂದಿನ ದಿನ ಖಂಡೇ ಪೂಜಿ. ಮನ್ಯಾಗಿನ ಕಬ್ಬಿಣ ಎಲ್ಲಾ ದೇವರ ಮುಂದ ಇಡತಾರ. ಅಂಗಡಿ ತಕ್ಕಡಿ, ತೂಕದ ಕಲ್ಲು, ಈಳಗಿ, ಕುಡಗೋಲು. ಒಮ್ಮೆ ಇಟ್ಟ ಮ್ಯಾಲ ಬನ್ನಿ ಮುಡಿಯೋ ತನಕ ಎತ್ತಂಗಿಲ್ಲ. ಸೊಸಿ ಉಸಿರು ಕಾಯೋ ಕಬ್ಬಿಣ ಅಂತ ಆಯಿ ಆ ಚಾವೀನ ಎಲ್ಲಾದರ ನಡುವ ಇಟ್ಟಿದ್ಳು. ಪೂಜಿ ಎತ್ತೋ ಮೊದಲ, ಮುಂಜಾನೆನ ನಾವು ಹೊಂಟು ಬಂದಿದ್ವಿ. ಚಾವಿ ಇಂಡ್ಯಾಗ, ದೇವರ ಮುಂದ. ನಾ ಮುಸಲ್ಮಾನರ ಮನಿ ಹೆಣಮಗಳು, ಅವರ ದೇವರ ಮನಿಗೆ ನಾ ಕಾಲಿಟ್ಟಿದ್ದಿಲ್ಲ, ನೋಡೂದರ ಎಲ್ಲಿಂದ?

"ಯಾ ಅಲ್ಲಾ!" ಅಂದ್ನಿ. ಇನ್ನೂ ಏನೇನೋ ಅಂದ್ನಿ. ಮುದುಕಿ ಮಾರಿ ನೋಡಿ ಅರ್ಧಕ್ಕ ನಿಲ್ಲಿಸಿದ್ನಿ. ಬೂದಿ ಬಳಕೊಂಡಂಗ ಆಗಿತ್ತು ಮಾರಿ.

ಡ್ರೈವರ್ ಪಕ್ಕಡ ಹಿಡಕೊಂಡು ಓಡಿ ಬಂದ. ಕೈಗೆ ಇಂಜಿನ್ ಎಣ್ಣಿ. ಆಕ್ಸಿಜನ್ನಿಗೆ ಎಣ್ಣಿ ತಾಗಿದ್ರ ಬೆಂಕಿ ಏಳತೈತಿ. "ಮೊದಲ ಸಾಬಾಣ ಹಚ್ಚಿ ತೊಳಕೊಂಡು ಬಾ!" ಅಂತ ಬೈದು ಕಳಿಸಿದ್ನಿ. ತೊಳಕೊಂಡು ಬಂದು ಪಕ್ಕಡ ಹಾಕಿದ. ಮೂತಿ ಒಳಗ ಇತ್ತು, ಪಕ್ಕಡದ ಹಲ್ಲು ಜಾರಿತು. ಮತ್ತ ಹಾಕಿದ, ಮತ್ತ ಜಾರಿತು. ಚೌಕಾನ ಮೂತಿ ಅಂಚು ಸವೆಯಾಕತ್ತಿತು. "ಸಾಕು ಬಿಡು. ಮೂತಿ ದುಂಡಗ ಆದ್ರ ಚಾವಿ ಸಿಕ್ಕರೂ ಹಿಡಿಯಂಗಿಲ್ಲ," ಅಂದ್ನಿ.

"ಸಿಸ್ಟರ್ರ, ವೆಲ್ಡಿಂಗ್ ಅಂಗಡ್ಯಾಗ ಇಂಥಾ ಚಾವಿ ಇರತೈತ್ರಿ. ಗ್ಯಾಸ್ ವೆಲ್ಡಿಂಗಿಗೂ ಇಂಥಾವ ಸಿಲಿಂಡರ್," ಅಂದ ಡ್ರೈವರ್.

ವೆಲ್ಡಿಂಗ್ ಅಂಗಡಿ ತಾಳಿಕೋಟ್ಯಾಗ. ತಾಳಿಕೋಟಿ ಆಚೆ ದಂಡಿಗೆ. ಅಷ್ಟರಾಗ ಒಂದು ಟ್ರ್ಯಾಕ್ಟರ್ ನೀರಿಗಿಳಿಯಾಕ ತಯಾರಾತು. ಸಾಹುಕಾರ್ರು ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಓಡಿ ಹೋಗಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮ್ಯಾಲ ಕೂತ್ರು. ನೀರು ದೊಡ್ಡ ಗಾಲಿ ಅರ್ಧ ಮುಚ್ಚಿತು. ನಾ ನೋಡತ ನಿಲ್ಲಲಿಲ್ಲ, ಗಾಡಿಗೆ ತಿರುಗಿದ್ನಿ.

ಮುಳ್ಳು ಸೊನ್ನಿಗೆ ಬಿತ್ತು. ನಳ್ಯಾಗಿನ ಸದ್ದು ನಿಂತಿತು. ಆ ಸುಸ್ ಅನ್ನೋ ಸದ್ದಿಗೆ ಕಿವಿ ಎಷ್ಟು ಹೊಂದಿಕೊಂಡಿತ್ತು ಅನ್ನೂದು ನಿಂತ ಮ್ಯಾಲನ ಗೊತ್ತಾತು.

ಅಕ್ಕೋರ ತುಟಿ ನೀಲಿಗೆ ತಿರುಗಿತು. ಎದ್ಯಾಗ ಗುಳುಗುಳು ಶುರುವಾತು. ನರಕ್ಕ ಇಂಜೆಕ್ಷನ್ ಚುಚ್ಚಿದ್ನಿ, ಮೈಯಾಗಿನ ನೀರು ಇಳಸಾಕ. ಕಾಲು ತೆಳಗ ಜೋತು ಬಿಡಿಸಿದ್ನಿ. ಹಳೇ ಡಾಕ್ಟರೊಬ್ಬರು ಕಲಿಸಿದ್ದು ಒಂದಿತ್ತು. ಆಕ್ಸಿಜನ್ ಇರದ ಕಾಲದ ಕೆಲಸ ಅದು. ಎರಡು ತೊಡಿ, ಎರಡು ತೋಳು, ಇದರಾಗ ಮೂರಕ್ಕ ಬಟ್ಟಿ ಬಿಗಿದು ಕಟ್ಟೂದು, ಒಂದನ್ನ ಬಿಡೂದು. ಸ್ವಲ್ಪ ಹೊತ್ತಿಗೆ ಒಂದು ಬಿಚ್ಚಿ ಬಿಟ್ಟದ್ದಕ್ಕ ಕಟ್ಟೂದು. ಕೈಕಾಲಾಗ ನೆತ್ತರ ತಡದ್ರ ಎದಿ ಮ್ಯಾಲ ಭಾರ ಕಡಿಮಿ ಆಗತೈತಿ. ಸಾಹುಕಾರ್ರು ತಲಿಗೆ ಸುತ್ತೋ ಉದ್ದನ ರುಮಾಲು ಸೀಟಿನ ಮ್ಯಾಲ ಬಿದ್ದಿತ್ತು, ಅದನ್ನ ಹರಿದು ಪಟ್ಟಿ ಮಾಡಿದ್ನಿ. ಮಗಳು ಅಳಾಕತ್ತಿದ್ಳು. "ಅಳೂದು ಆಮ್ಯಾಲ, ಈಗ ಗಂಟು ಹಿಡಿ," ಅಂದ್ನಿ. ಹಿಡಿದಳು. ಆಯಿ ಸೆರಗಿಲೆ ಗಾಳಿ ಬೀಸಾಕತ್ತಿದ್ಳು.

ಇಂಜೆಕ್ಷನ್ನಿಗೆ ಒಂದಕ್ಕ ಅವಸರ ಆತು. ನಾನೂ ಮಗಳೂ ಹೊತ್ತು ಇಳಿಸಿದ್ವಿ, ಆಯಿ ತೊಗರಿ ಹೊಲದ ಬದುವಿಗೆ ತನ್ನ ಸೆರಗು ಅಡ್ಡ ಹಿಡಿದಳು. ನೂರು ಮಂದಿ ನಿಂತ ರಸ್ತಾ. "ಏನ್ ಅವಸ್ಥಾ ಬಂತ್ರಿ ಸಿಸ್ಟರ್," ಅಂದ್ರು ಅಕ್ಕೋರು, ಒಂದೊಂದ ಅಕ್ಷರ ಹೆಕ್ಕಿ. ನಾಚಿಕಿಗೆ ಅವರ ಕಣ್ಣಾಗ ನೀರು ಬಂತು. ನನಗ ಸಂಕಟ ತಡಿಯಾಕ ಆಗಲಿಲ್ಲ. ಆ ಗುಂಪಿನ ಕಡೆ ತಿರುಗಿ, "ಏನ್ ನೋಡ್ತೀರಿ? ನಿಮ್ಮನ್ಯಾಗ ಹೆಣಮಕ್ಕಳಿಲ್ಲೇನು?" ಅಂತ ಗದರಿಸಿದ್ನಿ. ಮಂದಿ ಮಾರಿ ತಿರುವಿ ನಿಂತರು.

ಎಷ್ಟು ಹೊತ್ತು ಹೋತೋ. ಬಟ್ಟಿ ಬಿಚ್ಚೂದು, ಕಟ್ಟೂದು, ನಾಡಿ ನೋಡೂದು. ಕಡೀಕ ಆಚೆಯಿಂದ ಟ್ರ್ಯಾಕ್ಟರ್ ಬಂತು. ಸಾಹುಕಾರ್ರ ಜೋಡಿ ಇನ್ನೊಬ್ಬಂವ ಇಳಿದ, ವೆಲ್ಡಿಂಗ್ ಅಂಗಡಿಯಂವ. ಹಬ್ಬದ ಹೊಸ ಅಂಗಿ, ಟೊಂಕದ ತನಕ ತೋಯ್ದು ತೊಪ್ಪಿ ಆಗಿದ್ದ. ಮಡಿ ಪಂಜೆದಾಗ ಸುತ್ತಿದ ಚಾವಿ ಎದಿಗೆ ಅವಚಿ ಹಿಡದಿದ್ದ. ಅದಕ್ಕೂ ಕುಂಕುಮ, ಅದಕ್ಕೂ ಚೆಂಡು ಹೂವು. ಅಂವನ ಮನ್ಯಾಗೂ ಅದು ಪೂಜಿಗೆ ಕೂತಿತ್ತು.

"ಪೂಜಿಗಿಟ್ಟದ್ದು ಬ್ಯಾರೇರ ಕೈಯಾಗ ಕೊಡಬ್ಯಾಡ ಅಂದಳ್ರಿ ನಮ್ಮವ್ವ. ಅದಕ್ಕ ನಾನ ತಂದೆ," ಅಂದ.

"ನೀನ ತಿರುವು ಮತ್ತ," ಅಂದ್ನಿ. ಕುಂಕುಮ ಒರಸಿ, ಮೂತಿಗೆ ಕೂಡಿಸಿ ತಿರುವಿದ. ಸವೆದ ಅಂಚಿನ್ಯಾಗ ಒಮ್ಮೆ ಜಾರಿತು. ಎರಡನೇ ಸಲ ಹಿಡೀತು. ಸುಸ್ ಅಂತು ಗಾಳಿ. ಆಯಿ ಅಲ್ಲೇ ನೆಲಕ್ಕ ಕುಸಿದು ಕೂತು ಹೋ ಅಂತ ಅತ್ತಳು.

ತುಟಿ ಬಣ್ಣ ನಿಧಾನಕ್ಕ ತಿರುಗಿತು. ಗುಳುಗುಳು ಮಾತ್ರ ಪೂರಾ ಹೋಗಲಿಲ್ಲ. ನಾಡಿ ಕೈಗೆ ಹಿಡಿದ್ರ ಎಳಿ ಎಳಿ ಹತ್ತತಿತ್ತು. ಎದಿ ಬಾಳ ದಣಿದಿತ್ತು. ಇನ್ನ ಅದು ಮೊದಲಿನಂಗ ಆಗಂಗಿಲ್ಲ ಅಂತ ನನಗ ಅಲ್ಲೇ ಗೊತ್ತಾತು.

ಆ ಹೊತ್ತಿಗೆ ನೀರು ಇಳಿಯಾಕತ್ತಿತ್ತು. ಸೇತುವಿ ಅಂಚಿನ ಕಲ್ಲು ಒಂದೊಂದ ತಲಿ ಎತ್ತಿದವು.

"ಸಾಕು. ಗಾಡಿ ತಿರುವು, ಸಿಂದಗಿಗೆ ಹೋಗೋಣು. ಅಲ್ಲಿ ಡಾಕ್ಟ್ರು ಅದಾರ," ಅಂದ್ರು ಸಾಹುಕಾರ್ರು.

ಡ್ರೈವರ್ ನನ್ನ ಮಾರಿ ನೋಡಿದ. ನನ್ನ ಕೆಲಸದ ರೀತಿ ಹಿಡಿದ್ರ ಸಾಹುಕಾರ್ರ ಮಾತ ಖರೆ. ದಮ್ಮು ಏರಿದ ಪೇಶಂಟನ್ನ ಸನೇದ ದವಾಖಾನಿಗೆ ಮುಟ್ಟಸಬೇಕು. ಆದ್ರ ಸಿಂದಗ್ಯಾಗ ಏನ್ ಮಾಡತಾರ? ಇದ ಗಾಳಿ, ಇದ ಇಂಜೆಕ್ಷನ್, ಮ್ಯಾಲೊಂದು ಕಬ್ಬಿಣದ ಕಾಟ್. ನಾಕು ದಿನ ಹೆಚ್ಚಿಗಿ ಸಿಕ್ಕಾವು, ಗ್ವಾಡಿ ನೋಡಿಕೋತ ಕಳಿಯೋ ನಾಕು ದಿನ. ಅಕ್ಕೋರಿಗೆ ಏನ್ ಬೇಕು ಅಂತ ಒಬ್ಬರೂ ಕೇಳಲಿಲ್ಲ. ಕೇಳಬೇಕಂದ್ರ ಮೊದಲ ಖರೆ ಹೇಳಬೇಕು. ನನಗ ಸಿಟ್ಟು ಬಂತು, ಎಲ್ಲಾರ ಮ್ಯಾಲ, ನನ್ನ ಮ್ಯಾಲೂ.

ಬಾಗಲಾ ತಗದು ಅಕ್ಕೋರ ಮುಂದ ಮೊಣಕಾಲೂರಿ ಕೂತ್ನಿ. "ಅಕ್ಕೋರ, ಒಂದು ಮಾತು ಕೇಳತೇನಿ. ಹಿಂದಕ್ಕ ಸಿಂದಗಿಗೆ ಹೋದ್ರ ದವಾಖಾನಿ ಐತಿ. ಮುಂದ ಹೋದ್ರ ಹೊಳಿ ಐತಿ. ಎರಡೂ ಆಗಂಗಿಲ್ರಿ."

"ಸಿಸ್ಟರ್!" ಅಂತ ಸಾಹುಕಾರ್ರು ನನ್ನ ರಟ್ಟಿ ಹಿಡಿದ್ರು. "ಇದನ್ನ ಹೇಳಾಕ ನಿಮ್ಮನ್ನ ಕರಕೊಂಡು ಬಂದೇನೇನು?"

"ಕೈ ಬಿಡ್ರಿ," ಅಂದ್ನಿ. ಬಿಟ್ರು.

"ಎರಡೂ ಆಗಂಗಿಲ್ಲ ಅಂದ್ರ?" ಮಗಳು ಕೇಳಿದಳು. "ಆರಾಮ ಆದ ಮ್ಯಾಲ ಮತ್ತ ಬಂದ್ರಾತು. ಹೌದಿಲ್ಲೋ? ಅಪ್ಪಾ?"

ಸಾಹುಕಾರ್ರು ಡೋಣಿ ಕಡೆ ಮಾರಿ ಮಾಡಿ ನಿಂತ್ರು. ಮಗಳಿಗೆ ಆಗ ತಿಳೀತು. ಅವ್ವನ ಮಾರಿ ನೋಡಿದಳು, ನನ್ನ ಮಾರಿ ನೋಡಿದಳು, ಬಾಯಿ ಮ್ಯಾಲ ಕೈ ಇಟ್ಟಕೊಂಡಳು.

ಅಕ್ಕೋರು ಮಗಳ ತಲಿ ಮ್ಯಾಲ ಕೈ ಆಡಿಸಿದ್ರು. "ನನಗ ಗೊತ್ತೈತಿ. ಇಪ್ಪತ್ತು ವರ್ಷ ಹುಡುಗೂರ ಮಾರಿ ನೋಡಿ ಸುಳ್ಳು ಹಿಡಿದಾಕಿ ನಾ. ನಿಮ್ಮಪ್ಪನ ಮಾರ್ಯಾಗ ಸುಳ್ಳು ನಿಂದ್ರೂದಿಲ್ಲ." ಉಸಿರು ತಗೊಂಡು ನನ್ನ ಕಡೆ ನೋಡಿದ್ರು. "ನೀವರ ಬಾಯಿ ಬಿಟ್ಟು ಹೇಳಿದ್ರೆಲ್ಲಾ ಸಿಸ್ಟರ್, ಎದಿ ಹಗರಾತು. ನಡೀರಿ, ಹೊಳಿಗೆ ಹೋಗೋಣು."

ಸಾಹುಕಾರ್ರು ತಿರುಗಿದ್ರು. ಮಾರಿ ತೋಯ್ದಿತ್ತು. "ತಿರುವಬ್ಯಾಡ. ಮುಂದಕ್ಕ ತಗೋ," ಅಂದ್ರು ಡ್ರೈವರಿಗೆ.

ಡ್ರೈವರ್ ಬಾನೆಟ್ ಎತ್ತಿ ಫ್ಯಾನಿನ ಬೆಲ್ಟ್ ಕಳಚಿದ, ಫ್ಯಾನ್ ತಿರುಗಿ ನೀರು ಇಂಜಿನ್ನಿಗೆ ಹೊಡಿಯಬಾರದು ಅಂತ. ಟ್ರ್ಯಾಕ್ಟರ್ ಮುಂದ, ಅದರ ಗಾಲಿ ಗುರ್ತಿನ ಮ್ಯಾಲ ನಾವು ಹಿಂದ. ಒಂದನೇ ಗೇರಿನ್ಯಾಗ, ಎಕ್ಸಲೇಟರ್ ತುಳಿದ ಕಾಲು ಎತ್ತದಂಗ ದಾಟಿಸಿದ. ಬಾಗಲದ ಸಂದಿಲೆ ನೀರು ಒಳಗ ಬಂದು ನಮ್ಮ ಪಾದ ತೋಯ್ದವು. ತಾಳಿಕೋಟ್ಯಾಗ ವೆಲ್ಡಿಂಗಿನಂವ ಇಳಿದ. ಇಳಿಯೋಮುಂದ ಚಾವಿ ನನ್ನ ಕೈಯಾಗ ಇಟ್ಟ. "ನಿಮ್ಮವ್ವ ಏನಂದಾಳು?" ಅಂದ್ನಿ. "ಬೈತಾಳ್ರಿ. ಬೈಸಿಕೋತೇನಿ. ಹಾದ್ಯಾಗ ಮತ್ತ ಬೇಕಾದ್ರ ಎಲ್ಲಿಗೆ ಹೋಗ್ತೀರಿ?" ಅಂದ.

ಮುದ್ದೇಬಿಹಾಳ ದಾಟೋಮುಂದ ಬನ್ನಿ ಮುಡಿಯೋ ಹೊತ್ತು. ಹೊಸ ಬಟ್ಟಿ ಹಾಕ್ಕೊಂಡ ಮಂದಿ ಗುಂಪು ಗುಂಪಾಗಿ ಊರ ಹೊರಗ ಹೊಂಟಿದ್ರು. ಆಯಿ ಗಾಡಿ ನಿಲ್ಲಿಸಿ ಒಂದು ಮುಷ್ಟಿ ಬನ್ನಿ ಸೊಪ್ಪು ಇಸಕೊಂಡು ಬಂದಳು.

ತಂಗಡಗಿ ಮುಟ್ಟಿದಾಗ ಹೊತ್ತು ಮುಳಗಾಕ ಸ್ವಲ್ಪ ಇತ್ತು. ಗಾಡಿ ಹೊಳಿ ದಂಡಿಗೆ ಆದಷ್ಟು ಸನೇಕ ಒಯ್ದು, ಬಾಗಲಾ ತಗದು, ಅಕ್ಕೋರನ್ನ ಹೊಳಿ ಕಡೆ ತಿರುಗಿಸಿ ಕೂಡಿಸಿದ್ವಿ. ಕೃಷ್ಣಾ ಹೊಳಿ ತುಂಬಿ ಹರಿಯಾಕತ್ತಿತ್ತು. ಆಚೆ ದಂಡಿ ತೆಳ್ಳಗ ಕಾಣತಿತ್ತು. ಈಚೆ ಎರಿ ಹೊಲ, ಜಾಲಿ ಗಿಡ, ಒಂದು ಪಂಪ್‌ಸೆಟ್ ಗುಡಸಲ. ಮತ್ತೇನೂ ಇಲ್ಲ. ಕಲ್ಲಿಲ್ಲ, ಕಂಬಿಲ್ಲ. ಇಲ್ಲೊಂದು ಯುದ್ಧ ಆತು ಅಂತ ಹೇಳೋ ಒಂದು ಹಲಗಿನೂ ಇಲ್ಲ.

ಅಕ್ಕೋರು ಎಡಕ್ಕ ನೋಡಿದ್ರು, ಬಲಕ್ಕ ನೋಡಿದ್ರು. "ಗುಡ್ಡ ಎಲ್ಲೈತಿ?"

ಡ್ರೈವರ್ ಹೋಗಿ ಎಮ್ಮಿ ಮೈ ತೊಳಿಯೋ ಒಬ್ಬಂವನ್ನ ಕೇಳಿ ಬಂದ. "ಇಲ್ಲಿ ಗುಡ್ಡ ಎಂದೂ ಇದ್ದಿಲ್ಲಂತ್ರಿ. ಮುತ್ತ್ಯಾನ ಕಾಲದಿಂದ ಹಿಂಗ ಬಯಲಂತ."

ಅಕ್ಕೋರು ನಕ್ಕರು. ನಗೋಮುಂದ ಕೆಮ್ಮು ಬಂತು. ಕೆಮ್ಮು ನಿಂತ ಮ್ಯಾಲ ನಗಿ ಇರಲಿಲ್ಲ, ಅಳು ಇತ್ತು. "ನಾ ಓದೋಮುಂದ ನಮ್ಮ ಮಾಸ್ತರು ಬರದಿದ್ರು. ಅದನ್ನ ನೋಡಿ ನಾನೂ ಬರದೆ. ಎಷ್ಟು ಹುಡುಗೂರು ಸಿಸ್ಟರ್! ಇಪ್ಪತ್ತು ವರ್ಷ! ಎಲ್ಲಾರ ತಲ್ಯಾಗ ಇಲ್ಲದ ಗುಡ್ಡ ಕೂಡಿಸೇನಿ." ಸಾಯೋದಕ್ಕ ಅಳದಾಕಿ ಗುಡ್ಡಕ್ಕ ಅತ್ತಳು. ಆಮ್ಯಾಲ ಮಗಳ ಕೈ ಹಿಡಿದು, "ಸಾಲಿ ಶುರುವಾದ ಕೂಡಲೇ ಅದನ್ನ ಅಳಸಬೇಕು. ನೆನಪಿಡ್ರಿ ಯಾರರ," ಅಂದ್ರು.

ಹೊತ್ತು ಮುಳಗಿತು. ಹೊಳಿ ನೀರು ಸ್ವಲ್ಪ ಹೊತ್ತು ಕೆಂಪಗ ಇದ್ದು ಕಪ್ಪಾತು. ಅಕ್ಕೋರು ಕಣ್ಣು ಮುಚ್ಚದ ನೋಡಿದ್ರು. "ಚಿತ್ರಕ್ಕಿಂತ ಹೊಳಿ ದೊಡ್ಡದೈತಿ," ಅಂದ್ರು.

ಆಯಿ ಬನ್ನಿ ಸೊಪ್ಪು ಮುಂದ ಹಿಡಿದು ನಿಂತಳು. ಹಿರಿಯಾಕಿ ಆಕಿ, ಸೊಸಿ ಆಕಿಗೆ ಕೊಟ್ಟು ಕಾಲು ಬೀಳಬೇಕು. ಇಲ್ಲಿ ಆಯಿನ ಮೊದಲ ಸೊಸಿ ಕೈಯಾಗ ಇಟ್ಟಳು. "ನಂದು ತಪ್ಪಾತವ್ವ. ನಿನ್ನ ಉಸಿರು ದೇವರ ಮುಂದ ಇಟ್ಟು ಬಂದೆ," ಅಂದಳು.

"ದೇವರ ಮುಂದನ ಇಟ್ಟೀರೆಲ್ಲಾ ಅತ್ತಿ, ಮತ್ತೆಲ್ಲೂ ಅಲ್ಲಲ್ಲ," ಅಂದ್ರು ಅಕ್ಕೋರು. ಎಲ್ಲಾರಿಗೂ ಎರಡೆರಡು ಎಲಿ ಕೊಟ್ರು. ಬಂಗಾರದಂಗ ಇರ್ರಿ, ಬಂಗಾರದಂಗ ಇರ್ರಿ ಅಂತ ಹೇಳಿದ್ರು. ನನಗೂ ಕೊಟ್ರು, ಡ್ರೈವರಿಗೂ ಕೊಟ್ರು.

ಮುದ್ದೇಬಿಹಾಳದಿಂದ ಬಾಗೇವಾಡಿ ರಸ್ತಾಕ್ಕ ಬಿದ್ದ ಮ್ಯಾಲ ಉಸಿರಿನ ರೀತಿ ಬದಲಾತು. ನಾಕು ಉಸಿರು ಜೋರಾಗಿ, ಆಮ್ಯಾಲ ಏನೂ ಇಲ್ಲ, ಮತ್ತ ನಾಕು. ಆ ಉಸಿರು ನಾ ಬಾಳ ಮಂದಿ ಕಡೆ ಕೇಳೇನಿ. ಡ್ರೈವರಿಗೆ ಜೋರು ಹೊಡಿ ಅನ್ನಲಿಲ್ಲ. ಮಗಳಿಗೆ, "ಅವ್ವನ್ನ ತಬ್ಬಿಕೊಂಡು ಕೂಡು," ಅಂದ್ನಿ. ಬಾಗೇವಾಡಿ ದೀಪ ಕಾಣೋ ಮೊದಲ ಅಕ್ಕೋರು ಹೋದ್ರು, ಲಿಂಬಿ ಡಬ್ಬಿ ಮ್ಯಾಲಿನ ತಲಿದಿಂಬಿಗೆ ತಲಿ ಆನಿಸಿ.

ಗಾಡಿ ನಿಲ್ಲಿಸಿದ್ವಿ. ನಾಡಿ ನೋಡಿ, ಕಣ್ಣು ನೋಡಿ, ನಳಿ ತಗದ್ನಿ. ಹಿಂದ ಹೋಗಿ ಚಾವಿ ಹಾಕಿ ಸಿಲಿಂಡರ್ ಬಂದ್ ಮಾಡಿದ್ನಿ. ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು ಅದರಾಗ.

"ಈಗರ ಮಲಗಸ್ರಿ," ಅಂದ್ರು ಸಾಹುಕಾರ್ರು. ದನಿ ಒಡೆದಿತ್ತು. "ಎಷ್ಟು ತಿಂಗಳಾತು ಆಕಿ ಮೈ ಚಾಚಿ ಮಲಗಿ. ಸೀಟಿನ ಮ್ಯಾಲ ಚಂದಗ ಮಲಗಸ್ರಿ."

ನಾ ಡಬ್ಬಿ ಸರಸಾಕ ಹೋದ್ನಿ. ಆಯಿ ನನ್ನ ಕೈ ಹಿಡಿದು ಮಗಗ ಅಂದಳು, "ಬ್ಯಾಡಪಾ. ಕೂತ ಇರಲಿ." ಅವರ ಕುಲದಾಗ ಸತ್ತೋರನ್ನ ಕೂಡಿಸಿನ ಮಣ್ಣು ಮಾಡತಾರ. ಮಲಗಿಸಿದ ಮೈ ಸೆಟೆದು ಹೋದ್ರ ಆಮ್ಯಾಲ ಕೂಡಸಾಕ ಬರಂಗಿಲ್ಲ. ಸಾಹುಕಾರ್ರು ಸೀಟಿಗೆ ಹಣಿ ಹಚ್ಚಿ ಮಗುವಿನಂಗ ಅತ್ತರು. ಅಕ್ಕೋರನ್ನ ಕಾಲು ಮಡಚಿ ಕೂಡಿಸಿ, ಹರಿದು ಉಳಿದಿದ್ದ ರುಮಾಲಿಲೆ ಸೀಟಿಗೆ ಬಿಗಿದ್ವಿ. ಬಾಗೇವಾಡ್ಯಾಗ ನಿಲ್ಲಲಿಲ್ಲ. ಇಂಡಿ ತನಕ ಆಕಿ ನನ್ನ ಮಗ್ಗಲದಾಗ ಕೂತ ಬಂದಳು.

ಚಾವೀನ ಡ್ರೈವರ್ ಮುಂದ ಒಂದು ಬಾಡಿಗಿ ಮ್ಯಾಲ ಹೋದಾಗ ತಾಳಿಕೋಟಿಗೆ ಮುಟ್ಟಿಸಿ ಬಂದ.

ಸಾಲಿ ಸೂಟಿ ಮುಗಿದ ಮ್ಯಾಲ ಒಂದು ಮುಂಜಾನೆ ಆಯಿ ದವಾಖಾನಿ ಬಾಗಲಿಗೆ ಬಂದು ನಿಂತಳು. ಕೈಯಾಗ ಸುಣ್ಣದ ಡಬ್ಬಿ, ಬಗಲಾಗ ಕುಂಚ. "ಏನವ್ವ, ಆ ಚಾವಿ ಇದ್ದಿದ್ರ ಬದಕತಿದ್ದಳೇನು? ಖರೆ ಹೇಳು. ಎಲ್ಲಾರೂ ನನಗ ಸುಳ್ಳು ಹೇಳಾಕತ್ಯಾರ," ಅಂದಳು.

"ಬದಕತಿದ್ದಿಲ್ಲ ಆಯಿ. ಅಷ್ಟು ತ್ರಾಸ ಆಗತಿದ್ದಿಲ್ಲ. ಒಂದೆರಡು ವಾರ ಹೆಚ್ಚು ಇರತಿದ್ಳೋ ಏನೋ," ಅಂದ್ನಿ.

ಆಯಿ ತಲಿ ಅಲ್ಲಾಡಿಸಿದಳು. "ಬಾ, ಸಾಲಿ ತನಕ ಬಾ. ನಾ ಸಾಲಿ ಒಳಗ ಎಂದೂ ಕಾಲಿಟ್ಟಿಲ್ಲ, ಯಾವ ಗ್ವಾಡಿ ಅಂತ ತೋರಸು," ಅಂದಳು.

ಹೋದ್ವಿ. ಹೆಡ್‌ಮಾಸ್ತರು ಅಡ್ಡ ಬಂದ್ರು. ಅಕ್ಕೋರ ಕೈಯಿಂದಾದ ಚಿತ್ರ, ನೆನಪಿಗೆ ಇರಲಿ ಅಂದ್ರು. "ಆಕಿನ ಹೇಳ್ಯಾಳ," ಅಂದು ಆಯಿ ಒಳಗ ನಡೆದಳು. ನಾಕನೇ ಇಯತ್ತೆ ಹುಡುಗೂರು ಎದ್ದು ನಿಂತರು. ಆಯಿ ಬೆಂಚ್ ಏರಿದಳು, ನಾ ಟೊಂಕ ಹಿಡಿದ್ನಿ. ಕುಂಚ ಅದ್ದಿ ಕೆಂಪು ಗುಡ್ಡದ ಮ್ಯಾಲ ಎಳೆದಳು. ಎಣ್ಣಿ ಬಣ್ಣ, ಒಂದು ಕೈಗೆ ಮುಚ್ಚಲಿಲ್ಲ. ಮತ್ತೊಂದು ಕೈ, ಮಗದೊಂದು ಕೈ. ಗುಡ್ಡ ಹೋಗಿ ಬೆಳ್ಳಗ ಆತು. ಆನಿ, ಕುದುರಿ, ದಂಡು, ಹೊಳಿ ಉಳಿದವು.

ಮುಂದಿನ ಸಾಲಿನ ಹುಡುಗಿಯೊಬ್ಬಾಕಿ ಕೇಳಿದಳು, "ಆಯಿ, ಗುಡ್ಡ ಯಾಕ ಅಳಿಸಿದಿ? ಮತ್ತ ಅಲ್ಲಿ ಏನೈತಿ?"

"ಅಲ್ಲಿ ಗುಡ್ಡ ಇಲ್ಲವ್ವ, ಬರೇ ಹೊಳಿ ಐತಿ," ಅಂದಳು ಆಯಿ, ಬೆಂಚಿನ ಮ್ಯಾಲಿಂದನ. "ನಿಮ್ಮ ಅಕ್ಕೋರು ನೋಡಿ ಬಂದಾರ."